ಒಳ್ಳೆಯ ಹಣ್ಣು ಯಾರ ಪಾಲಿಗೆ?

ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ಪ್ರಶ್ನೆ ತೀರ ಚಿಕ್ಕದು. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಒಂದು ಅಂಕಕ್ಕಿಂತ ಹೆಚ್ಚು ಸಿಗಲಾರದು. ಮನೆಗೆ ಒಂದು ಬುಟ್ಟಿ ಹಣ್ಣು ಬಂದಿದೆ ಎಂದುಕೊಳ್ಳಿ. ಅದರಲ್ಲಿ ಒಂದು ಹಣ್ಣು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಚೆನ್ನಾಗಿ ಮಾಗಿದ್ದು. ಆ ಹಣ್ಣನ್ನು ಯಾರು ತಿನ್ನಬೇಕು? ಉತ್ತರ ಹೇಳುವ ಮೊದಲು, ನಿಮ್ಮ ಮನೆಯಲ್ಲಿ ಅದನ್ನು ಯಾರು ತಿನ್ನುತ್ತಾರೆ ಎಂಬುದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ತಿನ್ನಬೇಕಾದವರು ಮತ್ತು ತಿನ್ನುವವರು, ಈ ಎರಡು ಉತ್ತರಗಳ ನಡುವೆ ಇರುವ ಅಂತರವೇ ಇಂದಿನ ನಮ್ಮ ಮಾತಿನ ವಿಷಯ.

ಹಣ್ಣಿನ ಮಾತು ಬಂದುದರಿಂದ ಹಣ್ಣಿಗೆ ಹೆಸರಾದ ಒಂದು ಊರಿಗೇ ಹೋಗೋಣ. ಗದಗ ಜಿಲ್ಲೆ ನರಗುಂದ ತಾಲ್ಲೂಕಿನಲ್ಲಿ ಮಲಪ್ರಭಾ ನದಿಯ ದಂಡೆಯ ಮೇಲೆ ಕೊಣ್ಣೂರು ಎಂಬ ಊರಿದೆ. ಹುಬ್ಬಳ್ಳಿಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ಈ ಊರನ್ನು ಹಾಯ್ದು ಹೋಗುತ್ತದೆ. ಆ ದಾರಿಯಲ್ಲಿ ಪಯಣಿಸಿದವರಿಗೆ ಕೊಣ್ಣೂರು ಎಂದೊಡನೆ ನೆನಪಾಗುವುದು ಪೇರಲ ಹಣ್ಣು. ನದಿಯ ಬದಿಯ ಮಣ್ಣಿನಲ್ಲಿ ಬೆಳೆದ ಈ ಹಣ್ಣು ಬುಟ್ಟಿಗಳಲ್ಲಿ ತುಂಬಿ ರಸ್ತೆಯ ಬದಿಗೂ ಪೇಟೆಗಳಿಗೂ ಬರುತ್ತದೆ.

ಪೇರಲ ಬಹಳ ಸೂಕ್ಷ್ಮವಾದ ಹಣ್ಣು. ಮಾಗಿದ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ಸ್ವಲ್ಪ ಪೆಟ್ಟಾದರೂ ಕಂದಿಹೋಗುತ್ತದೆ. ಆದ್ದರಿಂದ ಕಿತ್ತ ಕೂಡಲೇ ಅದನ್ನು ಆರಿಸಬೇಕು. ಹಣ್ಣಿನ ತೋಟ ಯಾವ ಊರಿನದಾದರೂ ಆರಿಸುವ ಕ್ರಮ ಒಂದೇ. ದುಂಡಗಿನ, ಕಲೆಯಿಲ್ಲದ ಹಣ್ಣು ಪೇಟೆಗೆ. ಮಧ್ಯಮವಾದದ್ದು ಸಂತೆಗೆ. ಕಂದಿದ್ದು, ಬಿರುಕು ಬಿಟ್ಟದ್ದು, ಗಿಳಿ ಕಚ್ಚಿದ್ದು ಮನೆಗೆ. ಮನೆಗೆ ಬಂದದ್ದರಲ್ಲಿಯೂ ಮತ್ತೊಮ್ಮೆ ಆರಿಸುವ ಕೆಲಸ ನಡೆಯುತ್ತದೆ. ಇದ್ದುದರಲ್ಲಿ ಚೆನ್ನಾಗಿರುವುದು ಮಕ್ಕಳ ಕೈಗೆ ಹೋಗುತ್ತದೆ. ಉಳಿದದ್ದರಲ್ಲಿ ಕೆಟ್ಟ ಭಾಗವನ್ನು ಕೊಯ್ದು ಹಾಕಿ ತಾಯಿ ತಂದೆ ತಿನ್ನುತ್ತಾರೆ. ಗಿಡ ನೆಟ್ಟವರು ಅವರು, ನೀರು ಹಾಯಿಸಿದವರು ಅವರು, ಹಣ್ಣು ಹೊತ್ತವರೂ ಅವರೇ. ಆದರೆ ಅವರ ಪಾಲಿಗೆ ಬರುವುದು ಎರಡು ಸಲ ಆರಿಸಿ ಬಿಟ್ಟ ಹಣ್ಣು!

ಇದು ತೋಟವಿರುವ ಮನೆಯ ಮಾತು ಮಾತ್ರ ಎಂದು ತಿಳಿಯಬೇಡಿ. ನಿಮ್ಮ ಅಡುಗೆಮನೆಯಲ್ಲಿಯೂ ಹೀಗೆಯೇ ನಡೆಯುತ್ತದೆ. ತಾಯಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಾಳೆ. ಉಬ್ಬಿ ಬಂದ ಬಿಸಿ ರೊಟ್ಟಿ ನಿಮ್ಮ ತಾಟಿಗೆ ಬರುತ್ತದೆ. ಕೆನೆ ಮೊಸರು ನಿಮಗೆ, ಎಣ್ಣೆಗಾಯಿಯಲ್ಲಿ ಎಳೆಯ ಬದನೆಕಾಯಿ ನಿಮಗೆ. ಎಲ್ಲರೂ ಎದ್ದು ಕೈತೊಳೆದ ಮೇಲೆ ಆಕೆ ಊಟಕ್ಕೆ ಕೂಡುತ್ತಾಳೆ. ಆಗ ಬುಟ್ಟಿಯಲ್ಲಿರುವುದು ಆರಿದ ರೊಟ್ಟಿ; ಪಾತ್ರೆಯ ತಳದಲ್ಲಿ ಉಳಿದಿರುವುದು ಬರಿಯ ರಸ. ನೀವು ಯಾವಾಗಲಾದರೂ, "ಅವ್ವಾ, ನೀನೂ ಒಂದು ತಿನ್ನು" ಎಂದರೆ ಆಕೆಯಿಂದ ಬರುವ ಉತ್ತರ ಯಾವುದು? "ನನಗ ಅದು ಸೇರೂದಿಲ್ಲಪಾ, ನೀ ತಿನ್ನು." ತಂದೆಯ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ನಾನು ಹೊರಗ ತಿಂದು ಬಂದೇನಿ."

ಮಿತ್ರರೇ, ನಮ್ಮ ನಾಡಿನ ಮನೆಗಳಲ್ಲಿ ಅತಿ ಹೆಚ್ಚು ಸಲ ಹೇಳಿದ ಸುಳ್ಳು ಬಹುಶಃ ಇದೇ ಇರಬೇಕು. ಇದರಲ್ಲಿ ಕಪಟವಿಲ್ಲ, ಪ್ರೀತಿಯಿದೆ. ಆದರೆ ಚಿಕ್ಕಂದಿನಿಂದ ಕೇಳಿ ಕೇಳಿ ನಾವು ಅದನ್ನು ನಿಜವೆಂದೇ ನಂಬಿಬಿಡುತ್ತೇವೆ. ತಾಯಿಗೆ ಮಾವಿನ ಹಣ್ಣು ಸೇರುವುದಿಲ್ಲ, ತಂದೆಗೆ ಸಿಹಿ ಬೇಡ ಎಂದು ಹತ್ತು ವರ್ಷ ನಂಬಿದ ಮಗ ಅಥವಾ ಮಗಳು ಅವರಿಗೆ ನಿಜವಾಗಿ ಏನು ಇಷ್ಟ ಎಂಬುದನ್ನು ತಿಳಿಯುವುದೇ ಇಲ್ಲ. ನಿಮ್ಮ ಗೆಳೆಯನಿಗೆ ಯಾವ ಐಸ್‌ಕ್ರೀಂ ಇಷ್ಟ ಎಂದು ನಿಮಗೆ ಗೊತ್ತಿದೆ. ನಿಮ್ಮ ತಾಯಿಗೆ ಏನು ಇಷ್ಟ? ಒಂದು ಕ್ಷಣ ಯೋಚಿಸಿ ಉತ್ತರ ಹೇಳಿ.

ಗಣಪತಿ ಮತ್ತು ಷಣ್ಮುಖರ ಕಥೆಯನ್ನು ನೀವು ಕೇಳಿದ್ದೀರಿ. ಒಂದು ಹಣ್ಣಿಗಾಗಿ ಇಬ್ಬರಿಗೂ ಪೈಪೋಟಿ. ಲೋಕವನ್ನು ಸುತ್ತಿ ಮೊದಲು ಬಂದವರಿಗೆ ಹಣ್ಣು. ಷಣ್ಮುಖ ನವಿಲೇರಿ ಹೊರಟ. ಗಣಪತಿ ತಾಯಿ ತಂದೆಯರನ್ನು ಸುತ್ತಿ ನಿಂತ, ಗೆದ್ದ. ತಂದೆ ತಾಯಿಯೇ ಲೋಕ ಎಂಬ ನೀತಿಯನ್ನು ಹೇಳಲು ನಾವು ಈ ಕಥೆಯನ್ನು ಹೇಳುತ್ತೇವೆ. ಸರಿಯೇ. ಆದರೆ ಹಣ್ಣು ಕೊನೆಗೆ ಯಾರ ಪಾಲಾಯಿತು? ಮಗನ ಪಾಲಿಗೇ ಅಲ್ಲವೇ? ಪಾರ್ವತಿ ಪರಮೇಶ್ವರರೂ ಹಣ್ಣನ್ನು ಮಕ್ಕಳಿಗೇ ಬಿಟ್ಟುಕೊಟ್ಟವರು! ಮಕ್ಕಳಿಗೆ ಕೊಡುವುದು ಹೆತ್ತವರ ಸಹಜ ಗುಣ. ಹಕ್ಕಿ ಕೂಡ ಕಾಳನ್ನು ತಾನು ನುಂಗದೆ ಮರಿಯ ಬಾಯಿಗೆ ಇಡುತ್ತದೆ. ನೀರು ಇಳಿಜಾರಿಗೆ ಹರಿಯುವಂತೆ ಈ ಪ್ರೀತಿ ಹಿರಿಯರಿಂದ ಕಿರಿಯರಿಗೆ ತಾನಾಗಿಯೇ ಹರಿಯುತ್ತದೆ. ಅದನ್ನು ಮೇಲಕ್ಕೆ ಏರಿಸಲು ಮಾತ್ರ ಪ್ರಯತ್ನ ಬೇಕು. ಬಾವಿಯ ನೀರನ್ನು ಸೇದಬೇಕಾದಂತೆ ಕೃತಜ್ಞತೆಯನ್ನೂ ನಮ್ಮೊಳಗಿನಿಂದ ಸೇದಬೇಕು. ಆ ಪ್ರಯತ್ನವನ್ನೇ ನಾವು ಸಂಸ್ಕಾರ ಎಂದು ಕರೆಯುತ್ತೇವೆ.

ಈ ಸಂಸ್ಕಾರವನ್ನು ಕಲಿಸುವ ಒಂದು ಸುಂದರವಾದ ಆಚರಣೆ ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿಯೇ ಇದೆ. ಶೀಗೆ ಹುಣ್ಣಿಮೆಯ ದಿನ ರೈತರು ಮನೆಮಂದಿಯೊಂದಿಗೆ ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರ್ ಏರಿ, ಹೊಲಕ್ಕೆ ಹೋಗುತ್ತಾರೆ. ಪೈರು ಬೆಳೆದು ನಿಂತ ಭೂಮಿಯನ್ನು ಬಸುರಿ ಹೆಣ್ಣೆಂದು ಭಾವಿಸಿ ಪೂಜಿಸುತ್ತಾರೆ. ಬಸುರಿಯ ಬಯಕೆ ತೀರಿಸುವಂತೆ ಹೋಳಿಗೆ, ಕಡಬು, ಸಜ್ಜೆ ರೊಟ್ಟಿ, ಬಗೆಬಗೆಯ ಪಲ್ಯ, ಅನ್ನ ಎಲ್ಲವನ್ನೂ ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಎಳ್ಳಮಾವಾಸ್ಯೆಗೂ ಹಲವು ಕಡೆ ಚರಗವುಂಟು. ಇಲ್ಲಿ ಒಂದು ನಿಯಮವನ್ನು ಗಮನಿಸಿ. ಭೂಮಿತಾಯಿಗೆ ಎಡೆಯಾಗುವವರೆಗೆ ಮನೆಯವರು ಯಾರೂ ಉಣ್ಣುವುದಿಲ್ಲ. ಆಕೆಗೆ ಚೆಲ್ಲುವುದು ಉಳಿದ ಅನ್ನವಲ್ಲ. ಅಂದು ಮಾಡಿದ ಅಡುಗೆಯಲ್ಲಿ ಮೊದಲನೆಯದು, ಒಳ್ಳೆಯದು. ಅನ್ನ ಕೊಟ್ಟವಳಿಗೆ ಮೊದಲು ಉಣಿಸಿ ಆಮೇಲೆ ನಾವು ಉಣ್ಣಬೇಕು ಎಂಬ ಪಾಠವನ್ನು ಓದುಬರಹ ಬಾರದ ಹಿರಿಯರು ಹಬ್ಬವನ್ನಾಗಿ ಮಾಡಿಟ್ಟರು. ಈಗ ನಾವು ನಮ್ಮನ್ನೇ ಕೇಳಿಕೊಳ್ಳಬೇಕು: ಹೊಲದಲ್ಲಿರುವ ತಾಯಿಗೆ ಮೊದಲ ತುತ್ತು ಕೊಟ್ಟು ಬಂದ ನಾವು ಒಲೆಯ ಮುಂದಿರುವ ತಾಯಿಗೆ ಕೊನೆಯ ತುತ್ತನ್ನು ಬಿಡುತ್ತೇವಲ್ಲ, ಇದು ನ್ಯಾಯವೇ?

ಇದೇ ಆಶ್ವಯುಜ ಹುಣ್ಣಿಮೆಗೂ ಕೊಣ್ಣೂರಿಗೂ ಒಂದು ಹಳೆಯ ನಂಟಿದೆ. ಹಿಂದೆ ಈ ಊರಿನ ಹೆಸರು ಕೊಳನೂರು. ಇಲ್ಲಿ ದೊರೆತ ಶಾಸನವೊಂದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನೂ ಅವನ ದಂಡನಾಯಕ ಬಂಕೆಯನೂ ಬರುವ ಒಂದು ಪ್ರಸಂಗವನ್ನು ತಿಳಿಸುತ್ತದೆ. ಚಕ್ರವರ್ತಿ ಸಂಕಟದಲ್ಲಿದ್ದಾಗ ಬಂಕೆಯ ದೂರದ ದಂಡಯಾತ್ರೆಯಿಂದ ಹಿಂದಿರುಗಿ ಬಂದು ಅವನಿಗೆ ನೆರವಾದ. ಸಂತುಷ್ಟನಾದ ಚಕ್ರವರ್ತಿ ಅದನ್ನು ಮರೆಯಲಿಲ್ಲ. ಬಂಕೆಯ ತನಗಾಗಿ ಏನನ್ನೂ ಬೇಡದೆ, ಕೊಳನೂರಿನಲ್ಲಿ ತಾನು ಕಟ್ಟಿಸಿದ ಬಸದಿಗೆ ದಾನವನ್ನು ಬೇಡಿದ. ಅದರಂತೆ ಶಕ ವರ್ಷ 782ರ, ಅಂದರೆ ಕ್ರಿ.ಶ. 860ರ, ಆಶ್ವಯುಜ ಹುಣ್ಣಿಮೆಯ ಚಂದ್ರಗ್ರಹಣದ ದಿನ ತಲೆಯೂರು ಎಂಬ ಗ್ರಾಮವನ್ನೂ ಬೇರೆ ಊರುಗಳಲ್ಲಿ ಭೂಮಿಯನ್ನೂ ದಾನ ಕೊಡಲಾಯಿತು ಎಂದು ಶಾಸನ ಹೇಳುತ್ತದೆ. ತಾಮ್ರಪಟದ ಆ ಒಕ್ಕಣೆಯನ್ನು ಮುಂದೆ ಕಲ್ಲಿನ ಮೇಲೆ ಕೊರೆಯಿಸಿದರು. ಈ ಪ್ರಸಂಗದಿಂದ ವಿದ್ಯಾರ್ಥಿಗಳಾದ ನಾವು ಒಂದು ಸಣ್ಣ ಅಂಶವನ್ನು ಎತ್ತಿಕೊಳ್ಳಬಹುದು. ಉಪಕಾರ ಮಾಡಿದವನಿಗೆ ತನ್ನ ಬಳಿ ಮಿಕ್ಕಿದ್ದನ್ನು ಅರಸ ಕೊಡಲಿಲ್ಲ. ಅವನು ಬಯಸಿದ್ದನ್ನು ಕೊಟ್ಟ. ಕೃತಜ್ಞತೆಯ ಮೊದಲ ಹೆಜ್ಜೆ ಇದೇ. ಕೊಡುವ ಮೊದಲು, ಅವರಿಗೆ ಏನು ಬೇಕು ಎಂದು ತಿಳಿಯುವುದು.

ಇದು ಕೇವಲ ಭಾವನೆಯ ಮಾತು ಎಂದು ನಿಮ್ಮಲ್ಲಿ ಕೆಲವರಿಗೆ, ಅದರಲ್ಲಿಯೂ ವಿಜ್ಞಾನ ಓದುವವರಿಗೆ ಅನ್ನಿಸಬಹುದು. ಹಾಗಾದರೆ ವಿಜ್ಞಾನದ ಲೆಕ್ಕವನ್ನೇ ನೋಡೋಣ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ಭಾರತದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಅಂದರೆ ನಿಮ್ಮ ತರಗತಿಯಲ್ಲಿ ನಲವತ್ತು ಮಂದಿ ಇದ್ದರೆ, ಈ ಲೆಕ್ಕದಂತೆ ಅವರಲ್ಲಿ ಸುಮಾರು ಹತ್ತೊಂಬತ್ತು ಮಂದಿಯ ತಾಯಂದಿರ ರಕ್ತದಲ್ಲಿ ಹಿಮೋಗ್ಲೋಬಿನ್ ಇರಬೇಕಾದಷ್ಟು ಇಲ್ಲ. ಸ್ವಲ್ಪ ನಡೆದರೆ ದಣಿವು, ನಿಂತರೆ ಕಣ್ಣು ಕತ್ತಲೆ, ಏನು ಮಾಡಿದರೂ ತೀರದ ಆಯಾಸ. "ವಯಸ್ಸಾಯಿತು" ಎಂದು ಆಕೆ ಹೇಳುತ್ತಾಳೆ, ನಾವೂ ಹೌದೆನ್ನುತ್ತೇವೆ. ರಕ್ತಹೀನತೆಗೆ ಕಾರಣಗಳು ಹಲವು. ಆದರೆ ಎಲ್ಲರಿಗೂ ಬಡಿಸಿ ಮಿಕ್ಕಿದ್ದನ್ನು ಉಣ್ಣುವ ಹಳೆಯ ರೂಢಿಯೂ ಅದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಪಾತ್ರೆಯ ತಳದಲ್ಲಿ ಸೊಪ್ಪು, ಕಾಳು, ಮೊಟ್ಟೆ ಉಳಿಯುವುದು ಕಡಿಮೆ.

ಇಲ್ಲಿ ನಮ್ಮ ಪೇರಲವೇ ಮತ್ತೆ ನೆರವಿಗೆ ಬರುತ್ತದೆ. ನೂರು ಗ್ರಾಂ ಪೇರಲದಲ್ಲಿ ಇನ್ನೂರು ಮಿಲಿಗ್ರಾಂಗೂ ಹೆಚ್ಚು 'ಸಿ' ಜೀವಸತ್ವ ಇರುತ್ತದೆ. ಕಿತ್ತಳೆ ಹಣ್ಣಿನಲ್ಲಿರುವುದಕ್ಕಿಂತ ಇದು ಸುಮಾರು ನಾಲ್ಕು ಪಟ್ಟು. ಜೋಳ, ಕಾಳು, ಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿದ್ದರೂ ನಮ್ಮ ಕರುಳು ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಹೀರಿಕೊಳ್ಳುತ್ತದೆ. ಅದೇ ಊಟದ ಜೊತೆಗೆ 'ಸಿ' ಜೀವಸತ್ವ ಸೇರಿದರೆ ಹೀರಿಕೊಳ್ಳುವ ಪ್ರಮಾಣ ಹೆಚ್ಚುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಆದ್ದರಿಂದ ರೊಟ್ಟಿ, ಪುಂಡಿಪಲ್ಯ ಉಂಡ ತಾಯಿಯ ಕೈಗೆ ಊಟದ ಜೊತೆಯಲ್ಲೇ ನೀವು ಒಂದು ಒಳ್ಳೆಯ ಪೇರಲ ಹಣ್ಣನ್ನು ಕೊಟ್ಟರೆ ಅದು ಗೌರವವೂ ಹೌದು, ಆರೈಕೆಯೂ ಹೌದು. ಹಾಗೆಂದು ಹಣ್ಣೇ ಔಷಧವಲ್ಲ. ದಣಿವು ಬಿಡದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆಕೆಯನ್ನು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸುವುದು ನಿಮ್ಮ ಕೆಲಸ. ಇನ್ನೊಂದು ಮಾತು. ಗಿಳಿ ಕಚ್ಚಿದ ಹಣ್ಣೇ ಸಿಹಿ ಎಂದು ಹೇಳಿ ಹಿರಿಯರು ಅದನ್ನು ತಾವು ಇಟ್ಟುಕೊಳ್ಳುವುದುಂಟು. 2018ರಲ್ಲಿ ಕೇರಳದಲ್ಲಿ ನಿಫಾ ರೋಗ ಕಾಣಿಸಿಕೊಂಡಾಗ, ಬಾವಲಿ ಮತ್ತು ಹಕ್ಕಿ ಕಚ್ಚಿದ ಹಣ್ಣನ್ನು ತಿನ್ನಬಾರದೆಂದು ಆರೋಗ್ಯಾಧಿಕಾರಿಗಳು ಎಚ್ಚರಿಸಿದರು. ಯಾವ ಪ್ರಾಣಿ ಕಚ್ಚಿತೆಂದು ಹಣ್ಣು ಹೇಳುವುದಿಲ್ಲ. ಆದ್ದರಿಂದ ಅಂಥ ಹಣ್ಣು ನಿಮಗೂ ಬೇಡ, ಅವರಿಗೂ ಬೇಡ.

ಹಿರಿಯರನ್ನು ನೆನೆದು ಹಣ್ಣು ಎತ್ತಿಡುವ ಗುಣ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಚೀನಾದಲ್ಲಿ ಎರಡನೆಯ ಶತಮಾನದ ಕೊನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಅಲ್ಲಿಯ ಮಕ್ಕಳಿಗೆ ಇಂದಿಗೂ ಹೇಳುತ್ತಾರೆ. ಲು ಜಿ ಎಂಬ ಆರು ವರ್ಷದ ಹುಡುಗ ಒಬ್ಬ ದೊಡ್ಡ ಅಧಿಕಾರಿಯ ಮನೆಗೆ ಅತಿಥಿಯಾಗಿ ಹೋದ. ಅವರು ತಿನ್ನಲು ಕಿತ್ತಳೆ ಹಣ್ಣು ಕೊಟ್ಟರು. ಹುಡುಗ ಮೂರು ಹಣ್ಣುಗಳನ್ನು ಮೆಲ್ಲಗೆ ತನ್ನ ಅಂಗಿಯೊಳಗೆ ಇಟ್ಟುಕೊಂಡ. ಹೊರಡುವಾಗ ತಲೆಬಾಗಿ ವಂದಿಸಿದೊಡನೆ ಹಣ್ಣುಗಳು ನೆಲಕ್ಕೆ ಉರುಳಿದವು! "ಅತಿಥಿಯಾಗಿ ಬಂದವನು ಹಣ್ಣನ್ನು ಬಚ್ಚಿಟ್ಟುಕೊಂಡು ಹೋಗುವುದೇ?" ಎಂದು ಅಧಿಕಾರಿ ಕೇಳಿದ. ತಾಯಿಗೆ ಕೊಡಬೇಕೆಂದು ಇಟ್ಟುಕೊಂಡೆ ಎಂದು ಹುಡುಗ ಹೇಳಿದ. ಅಧಿಕಾರಿ ಕೋಪಗೊಳ್ಳದೆ ಬೆರಗಾದ. ಈ ಹುಡುಗ ಮುಂದೆ ಖಗೋಳ ಶಾಸ್ತ್ರದ ವಿದ್ವಾಂಸನಾದ. ಕೇಳದೆ ಹಣ್ಣು ತೆಗೆದುಕೊಂಡದ್ದನ್ನು ನಾನು ಸಮರ್ಥಿಸುತ್ತಿಲ್ಲ. ರುಚಿಯಾದದ್ದು ಬಾಯಿಗೆ ಬಂದ ಕ್ಷಣದಲ್ಲಿಯೇ ಮನೆಯಲ್ಲಿರುವವಳ ನೆನಪಾಯಿತಲ್ಲ, ಆ ನೆನಪು ದೊಡ್ಡದು. ನೀವು ಗೆಳೆಯರೊಡನೆ ಬೇಕರಿಯಲ್ಲಿ ಕುಳಿತಾಗ, ಕಾಲೇಜಿನ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುವಾಗ ಆ ನೆನಪು ಬಂದರೆ ಸಾಕು. ಮಿಕ್ಕದ್ದು ತಾನಾಗಿಯೇ ಬರುತ್ತದೆ.

"ನಮ್ಮದು ಬಡತನದ ಮನೆ, ಒಳ್ಳೆಯದು ಎಲ್ಲಿಂದ ತರೋಣ?" ಎಂದು ಕೆಲವರು ಕೇಳಬಹುದು. ಒಳ್ಳೆಯದು ಎಂದರೆ ಬೆಲೆ ಬಾಳುವುದು ಎಂದು ಅರ್ಥವಲ್ಲ. 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ಕೊಣ್ಣೂರಿಗೆ ನೀರು ನುಗ್ಗಿತು; ಹೆದ್ದಾರಿಯ ಸಂಚಾರ ನಿಂತಿತು; ನದಿಯಂಚಿನ ಪೇರಲ ತೋಟಗಳು ನೀರಿನಲ್ಲಿ ಮುಳುಗಿದವು. ಹಣ್ಣಿನ ಗಿಡ ಒಂದು ಹಂಗಾಮಿನ ಬೆಳೆಯಲ್ಲ. ಅದು ಹೋದರೆ ಮತ್ತೆ ನೆಟ್ಟು, ಬೆಳೆಸಿ, ಫಲ ಕಾಣಲು ವರ್ಷಗಳೇ ಬೇಕು. ಅಂಥ ದಿನಗಳಲ್ಲಿ ಮನೆಯ ಹಿರಿಯರು ಮೊದಲು ಕಡಿಮೆ ಮಾಡುವುದು ತಮ್ಮ ತಾಟಿನ ಊಟವನ್ನು; ಮಕ್ಕಳ ಶಾಲೆಯ ಶುಲ್ಕವನ್ನಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಕಷ್ಟದ ಕಾಲದಲ್ಲಿ ಅವರ ತಾಟಿನ ಕಡೆಗೆ ಕಣ್ಣು ಹಾಯಿಸುವ ಮಗ, "ಇಬ್ಬರೂ ಅರ್ಧ ಅರ್ಧ ತಿನ್ನೋಣ" ಎನ್ನುವ ಮಗಳು ಅವರಿಗೆ ಯಾವ ಪರಿಹಾರಧನಕ್ಕಿಂತಲೂ ದೊಡ್ಡ ಆಸರೆ. ಮನೆಯಲ್ಲಿ ಮೂರೇ ಹಣ್ಣಿದ್ದರೆ ಆ ಮೂರರಲ್ಲಿ ಚೆನ್ನಾಗಿರುವುದೇ ಒಳ್ಳೆಯದು.

ನಮ್ಮ ದೇಶದಲ್ಲಿ 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಹಾಗೂ ಕಲ್ಯಾಣಕ್ಕಾಗಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ದುಡಿಯಲಾಗದ ತಂದೆ ತಾಯಿಯನ್ನು ಬೆಳೆದ ಮಕ್ಕಳು ನೋಡಿಕೊಳ್ಳದಿದ್ದರೆ ಅವರು ನ್ಯಾಯಮಂಡಳಿಯ ಮೊರೆ ಹೋಗಬಹುದು. ಪೋಷಣೆ ಎಂದರೆ ಅನ್ನ, ಬಟ್ಟೆ, ವಸತಿ ಮತ್ತು ವೈದ್ಯಕೀಯ ಚಿಕಿತ್ಸೆ ಎಂದು ಆ ಕಾಯಿದೆ ವಿವರಿಸುತ್ತದೆ. ಅನ್ನದ ಮಾತು ಅಲ್ಲಿ ಮೊದಲು ಬರುತ್ತದೆ ಎಂಬುದನ್ನು ಗಮನಿಸಿ. ಕಾಯಿದೆ ಅನ್ನವನ್ನು ಕೊಡಿಸಬಲ್ಲದು. ಆದರೆ ಬಿಸಿಯಾದ ರೊಟ್ಟಿಯನ್ನು, ಆರಿಸಿದ ಹಣ್ಣನ್ನು, "ಮೊದಲು ನೀವು ತಿನ್ನಿ" ಎಂಬ ಮಾತನ್ನು ಯಾವ ನ್ಯಾಯಮಂಡಳಿಯೂ ಕೊಡಿಸಲಾರದು. ಮೂವತ್ತನೆಯ ವಯಸ್ಸಿನಲ್ಲಿ ಮಗ ತಂದೆಯನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂಬುದು ಅವನ ಹದಿನೈದನೆಯ ವಯಸ್ಸಿನ ಊಟದ ಪಂಕ್ತಿಯಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಕೆಲಸ ಸುಲಭ. ಮೊದಲನೆಯದಾಗಿ, ಇಂದು ರಾತ್ರಿಯೇ ತಾಯಿ ತಂದೆಯನ್ನು ಕೇಳಿ: "ನೀವು ಚಿಕ್ಕವರಿದ್ದಾಗ ಏನು ತಿನ್ನಲು ಇಷ್ಟಪಡುತ್ತಿದ್ದಿರಿ?" ಈಗಿನ ಇಷ್ಟವನ್ನು ಕೇಳಿದರೆ ಹಳೆಯ ಸುಳ್ಳೇ ಬರುತ್ತದೆ, ಬಾಲ್ಯವನ್ನು ಕೇಳಿದರೆ ನಿಜ ಹೊರಬರುತ್ತದೆ. ಎರಡನೆಯದಾಗಿ, ವಾರಕ್ಕೆ ಒಂದು ದಿನವಾದರೂ ಒಲೆಯ ಮುಂದೆ ನೀವು ನಿಂತು ತಾಯಿಗೆ ಬಿಸಿ ರೊಟ್ಟಿ ಬಡಿಸಿ. ಇದು ಹುಡುಗಿಯರಿಗೆ ಮಾತ್ರ ಹೇಳಿದ ಮಾತಲ್ಲ; ಹುಡುಗರಿಗೆ ಇನ್ನೂ ಒತ್ತಿ ಹೇಳುತ್ತಿದ್ದೇನೆ. ಮೊದಲ ರೊಟ್ಟಿ ಭೂಪಟದಂತಾದರೂ ಚಿಂತೆಯಿಲ್ಲ, ಆಕೆ ಸಂತೋಷದಿಂದ ಉಣ್ಣುತ್ತಾಳೆ. ಮೂರನೆಯದಾಗಿ, ಕೊಡುವಾಗ ಅವರ ದೇಹಕ್ಕೆ ಹಿತವಾದದ್ದನ್ನು ಕೊಡಿ. ಸಕ್ಕರೆ ಕಾಯಿಲೆಯ ತಂದೆಗೆ ಡಬ್ಬಿ ತುಂಬ ಪೇಡೆ ತರುವುದು ಪ್ರೀತಿಯಲ್ಲ. ಹಲ್ಲು ಸಡಿಲವಾದ ಅಜ್ಜನಿಗೆ ಇಡೀ ಪೇರಲ ಕೊಟ್ಟರೆ ಅವರು ಅದನ್ನು ನೋಡಿಯೇ ತೃಪ್ತಿಪಡಬೇಕು! ಬೀಜ ತೆಗೆದು, ತೆಳ್ಳಗೆ ಹೆಚ್ಚಿ ಕೊಡಿ.

ನಾಲ್ಕನೆಯದಾಗಿ, ಹಂಚಿಕೊಳ್ಳುವುದೆಂದರೆ ನೀವು ಉಪವಾಸ ಬೀಳುವುದಲ್ಲ. ನೀವು ಬೆಳೆಯುವ ವಯಸ್ಸಿನವರು. ಶಾಲೆಯ ಮಧ್ಯಾಹ್ನದ ಊಟ ನಿಮ್ಮದು. ಅದನ್ನು ನೀವೇ ಹೊಟ್ಟೆ ತುಂಬ ಉಣ್ಣಿ. ಹಂಚುವ ಮಾತು ಬಂದಾಗ ಅಕ್ಕತಂಗಿಯರ ತಾಟನ್ನೂ ನೋಡಿ. ಅಲ್ಲಿಯೂ ಉಳಿದದ್ದು ಹೋಗುತ್ತಿದ್ದರೆ ಇಂದಿನ ತಾಯಿಯ ಕಥೆ ನಾಳೆ ಅವಳ ಕಥೆಯಾಗುತ್ತದೆ. ವಸತಿ ನಿಲಯದಲ್ಲಿರುವವರು ರಜೆಗೆ ಊರಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ಕಿಲೋ ಹಣ್ಣಿನಲ್ಲಿ ನಾಲ್ಕು ಆರಿಸಿ ತಂದದ್ದು ಎಂದು ಅವರಿಗೆ ಗೊತ್ತಾದರೆ ಸಾಕು. ಇನ್ನು ತಾಯಿ ತಂದೆಯನ್ನು ಕಳೆದುಕೊಂಡವರು ನಿಮ್ಮಲ್ಲಿ ಇರಬಹುದು. ನಿಮ್ಮನ್ನು ಬೆಳೆಸಿದ ಅಜ್ಜಿ, ಸೋದರಮಾವ, ಚಿಕ್ಕಮ್ಮ, ನಿಮಗೆ ದಿನವೂ ಬಡಿಸುವ ಅಡುಗೆಯವರು, ಯಾರ ಕೈ ನಿಮಗೆ ತುತ್ತು ನೀಡಿತೋ ಆ ಕೈಗೆ ಈ ಪಾಲು ಸಲ್ಲಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ನೀವು ಒಳ್ಳೆಯ ಹಣ್ಣನ್ನು ಆರಿಸಿ ಕೊಟ್ಟಾಗ ಅವರು ತಕ್ಷಣ ತೆಗೆದುಕೊಳ್ಳುವುದಿಲ್ಲ. "ನನಗ್ಯಾಕಪಾ, ನೀನೇ ತಿನ್ನು" ಎಂದು ಮರಳಿ ನಿಮ್ಮ ಕೈಗೇ ಇಡುತ್ತಾರೆ. ಅನೇಕ ಮಕ್ಕಳು ಇಲ್ಲಿಯೇ ಸೋತುಬಿಡುತ್ತಾರೆ. ಒಮ್ಮೆ ಹೇಳಿದೆನಲ್ಲ ಎಂದು ತಾವೇ ತಿಂದು ಮುಗಿಸುತ್ತಾರೆ. ಮಾತು ಬೆಳೆಸಬೇಡಿ. ಹಣ್ಣನ್ನು ಹೆಚ್ಚಿ, ಉಪ್ಪು ಖಾರ ಹಚ್ಚಿ, ದೊಡ್ಡ ಹೋಳನ್ನು ಅವರ ಕೈಯಲ್ಲಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ತಿನ್ನುವವರೆಗೆ ನಿಮ್ಮ ಹೋಳನ್ನು ಬಾಯಿಗೆ ಇಡಬೇಡಿ. ಎರಡು ನಿಮಿಷ ಕಾದರೆ ಸಾಕು. ವರ್ಷಗಟ್ಟಲೆ "ನನಗೆ ಸೇರುವುದಿಲ್ಲ" ಎಂದು ಹೇಳುತ್ತ ಬಂದವರು ಎಷ್ಟು ಇಷ್ಟಪಟ್ಟು ತಿನ್ನುತ್ತಾರೆಂಬುದನ್ನು ಆಗ ನೀವೇ ಕಣ್ಣಾರೆ ಕಾಣುವಿರಿ.